ಜೋಡಿ ಹರಕೆ

ಶ್ರೀಶೈಲದಿಂದ ನಡೆದು ಬರುವವರ ಪಾದ ತೊಳೆದರೆ ಪುಣ್ಯ ಬರುತ್ತದೆಂದು ದಾರಿಯುದ್ದಕ್ಕೂ ಜನ ನಮ್ಮ ಕಾಲಿಗೆ ನೀರು ಹಾಕಿದ್ದಾರೆ. ಮೊದಮೊದಲು ನನಗೆ ಸಂಕೋಚವಾಗುತ್ತಿತ್ತು. ಚಿತ್ರದುರ್ಗ ದಾಟುವ ಹೊತ್ತಿಗೆ, ಯಾರಾದರೂ ಚೆಂಬು ಹಿಡಿದು ಬಾಗಿಲಿಗೆ ಬಂದರೆ ಸಾಕು, ಕಾಲು ತಾನಾಗಿಯೇ ಮುಂದೆ ಹೋಗುತ್ತಿತ್ತು. ಪುಣ್ಯ ಅವರಿಗಿರಲಿ, ತಣ್ಣನೆಯ ನೀರು ನನಗೆ ಸಿಕ್ಕಿತಲ್ಲ.

ನಡೆಯಬೇಕೆಂಬ ಆಸೆ ನನ್ನದಲ್ಲ. ನಮ್ಮ ಒಬ್ಬಳೇ ಮಗಳು ಸ್ಫೂರ್ತಿಯ ಮದುವೆ ಮಾತುಕತೆಯಾದ ಮೇಲೆ ಮುರಿದುಬಿತ್ತು. ಹುಡುಗ ಜಯಕುಮಾರ್, ಭದ್ರಾವತಿಯ ನ್ಯೂ ಟೌನಿನವನು, ಮನೆಯಲ್ಲಿ ತಮಿಳು ಮಾತಾಡುವ ಜನ. ಅವಳೇ ಮೆಚ್ಚಿಕೊಂಡವನು. ನಮ್ಮ ಯಜಮಾನರು ಚಂದ್ರಶೇಖರಪ್ಪನವರು ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಒಪ್ಪಿದ್ದರು. ಛತ್ರ ನೋಡಲು ಹೋಗಬೇಕೆಂದಿದ್ದ ವಾರವೇ ಹುಡುಗನ ತಾಯಿ ಫೋನ್ ಮಾಡಿ ಈ ಸಂಬಂಧ ಬೇಡ ಎಂದರು. ಕಾರಣ ಹೇಳಲಿಲ್ಲ. ಆಮೇಲೆ ಸ್ಫೂರ್ತಿ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದಳು, ತಿನ್ನುತ್ತಿರಲಿಲ್ಲ.

ಆಗ ಇವರೇ ಒಂದು ದಿನ ಬಾಯಿಬಿಟ್ಟರು. "ಮಗಳಿಗೋಸ್ಕರ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದೀನಿ ಉಮಾ. ಶ್ರೀಶೈಲದಿಂದ ಜೋಡಿಯಾಗಿ ನಡ್ಕೊಂಡು ಬಂದು, ಅಲ್ಲಿನ ಗಂಗೇನ ನಮ್ಮ ಆಲ್ಕೊಳದ ಈಶ್ವರನಿಗೆ ಹಾಕ್ತೀವಿ ಅಂತ."

ಏನೆಂದು ಬೇಡಿಕೊಂಡಿರಿ ಎಂದು ನಾನು ಕೇಳಲಿಲ್ಲ. ಹರಕೆ ತೀರುವವರೆಗೆ ಅದನ್ನು ಕೇಳಬಾರದು, ಹೇಳಬಾರದು, ನಮ್ಮಲ್ಲಿ ಹಾಗೆ. ಮಗಳ ಮನಸ್ಸು ತಿಳಿಯಾಗಲಿ ಎಂದು ಬೇಡಿಕೊಂಡಿರುತ್ತಾರೆ, ಇನ್ನೇನಿರುತ್ತದೆ ಎಂದುಕೊಂಡು ಸೆರಗು ಬಿಗಿದು ಹೊರಟೆ.

ಗಂಗೆ ತುಂಬಿದ ತಾಮ್ರದ ತಂಬಿಗೆಯನ್ನು ನೆಲಕ್ಕೆ ಇಡುವಂತಿಲ್ಲ. ಅವರು ಉಣ್ಣುವಾಗ ನಾನು ಹಿಡಿಯಬೇಕು, ನಾನು ಸ್ನಾನಕ್ಕೆ ಹೋದರೆ ಅವರು. ಬಳ್ಳಾರಿಯ ಬಿಸಿಲಿನಲ್ಲಿ ನನ್ನ ಕಾಲಿನ ಬೊಬ್ಬೆ ಒಡೆದಾಗ ಇವರು ತಮ್ಮ ಟವೆಲ್ ಹರಿದು ಕಟ್ಟಿದರು. ಮನೆಯಲ್ಲಿ ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಂಡು ಕುಡಿಯದ ಮನುಷ್ಯ! ಆ ದಿನ ನಾನು ಕರಗಿಹೋದೆ. ಈ ವಯಸ್ಸಿನಲ್ಲಿ ಗಂಡನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು ಎನ್ನಲು ನನಗೇನೂ ನಾಚಿಕೆಯಿಲ್ಲ. ಅದಕ್ಕೇ ಮುಂದಿನದು ಅಷ್ಟು ಉರಿದದ್ದು.

ಕೊನೆಯ ತಂಗು ಭದ್ರಾವತಿಯ ಕಾಗದನಗರದಲ್ಲಿ, ಇವರ ಹಳೆಯ ಸ್ನೇಹಿತ ಧರ್ಮಪ್ಪನವರ ಮನೆಯಲ್ಲಿ. ಪೇಪರ್ ಮಿಲ್ಲು ನಿಂತ ಮೇಲೂ ಕ್ವಾರ್ಟರ್ಸಿನಲ್ಲೇ ಉಳಿದುಕೊಂಡ ಸಂಸಾರ. ಸಂಜೆ ಗಂಡಸರಿಬ್ಬರೂ ಹೊರಗೆ ಕೂತಿದ್ದಾಗ ಅವರ ಹೆಂಡತಿ ದಾಕ್ಷಾಯಣಿ ನನ್ನ ಕಾಲಿಗೆ ಬಿಸಿ ಎಣ್ಣೆ ಹಚ್ಚಲು ಕೂತಳು.

"ಅಂತೂ ಮಲ್ಲಯ್ಯ ಅಣ್ಣೋರ ಕೈ ಬಿಡ್ಲಿಲ್ಲ ನೋಡಿ ಅಕ್ಕ," ಎಂದಳು.

"ಎಲ್ಲಿ ಬಂತು ದಾಕ್ಷಾಯಣಿ, ಅವಳಿನ್ನೂ ಸರಿಯಾಗಿ ಊಟಾನೇ ಮಾಡ್ತಿಲ್ಲ."

"ಊಟ ಇವತ್ತಲ್ಲ ನಾಳೆ ಮಾಡ್ತಾಳೆ ಬಿಡಿ. ಆ ಸಂಬಂಧ ತಪ್ಪಿತಲ್ಲ, ಅದು ದೊಡ್ಡದು. ಅಣ್ಣೋರು ಮುಡುಪು ಕಟ್ಟಿದ್ದು ನಮ್ಮ ದೇವರ ಮನೇಲೇ ಅಲ್ವಾ? ನಿಮ್ಮನೇಲಿ ಕಟ್ಟಿದ್ರೆ ಸ್ಫೂರ್ತಿ ನೋಡಿಬಿಡ್ತಾಳೆ ಅಂತ ಇಲ್ಲಿಗೆ ಬಂದಿದ್ರು. ಈ ಮದುವೆ ಮುರಿದುಬಿದ್ರೆ ನಾನೂ ಉಮಾನೂ ಜೋಡಿಯಾಗಿ ನಡ್ಕೊಂಡು ಬರ್ತೀವಿ ಅಂತ ನಮ್ಮೆದುರಿಗೇ ಅಂದ್ರು. ನಿಮ್ಮದೂ ಒಪ್ಪಿಗೆ ಇದೆ ಅಂದ್ರಲ್ಲ." ಆಮೇಲೆ ದನಿ ತಗ್ಗಿಸಿ, "ಆ ಹುಡುಗನಿಗೂ ಮೊನ್ನೆ ಬೇರೆ ಕಡೆ ಮದುವೆ ಆಯ್ತಂತೆ. ಇನ್ನೇನು ಯೋಚನೆ ಇಲ್ಲ," ಎಂದಳು.

ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. "ಉರೀತಾ ಅಕ್ಕ?" ಎಂದು ಕೇಳಿದಳು. ಹೂಂ ಎಂದೆ. ಪಾಪ, ಅವಳದೇನು ತಪ್ಪು?

ಮದುವೆ ಮುರಿದರೆ ನಡೆದು ಬರುತ್ತೇವೆಂದು ಹರಕೆ. ಮುರಿಯಿತು, ನಡೆದೆವು. ನನ್ನ ಮಗಳು ಬಾಡಿಹೋದದ್ದಕ್ಕೆ ದೇವರಿಗೆ ಉಪಕಾರ ಹೇಳಲು ನಾನು ಇಷ್ಟು ದೂರ ಕಾಲು ಸವೆಸಿದ್ದೆ. ನನ್ನ ಕಾಲನ್ನು ನನ್ನನ್ನು ಕೇಳದೆಯೇ ಹರಕೆಗೆ ಸೇರಿಸಿದ್ದರು.

ಬೆಳಿಗ್ಗೆ ನಮ್ಮೂರು ಶಿವಮೊಗ್ಗದ ದಾರಿ ಹಿಡಿದೆವು. ಮಾಚೇನಹಳ್ಳಿಯವರೆಗೂ ಅವರ ಹಿಂದೆ ನಡೆದೆ. ಮುಡುಪು ಕಟ್ಟಿ ಸುಮ್ಮನೆ ಕೂರುವ ಆಸಾಮಿ ಇವರಲ್ಲವೆಂದು ನನಗೆ ಗೊತ್ತು. ಹಿಂದಿನಿಂದಲೇ ಕೇಳಿದೆ.

"ನ್ಯೂ ಟೌನಿಗೂ ಹೋಗಿದ್ರಾ?"

ಅವರ ಹೆಜ್ಜೆ ನಿಂತಿತು. ದಾಕ್ಷಾಯಣಿ ಹೇಳಿದ್ದಾಳೆಂದು ಗೊತ್ತಾಯಿತು. "ಹುಡುಗನ ತಾಯಿ ಹತ್ರ ಒಂದು ಮಾತು ಆಡಿದ್ದೆ," ಎಂದರು.

"ಏನಂತ?"

"ಇವಳಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತೆ ಅಂತ." ತಂಬಿಗೆಯನ್ನು ಎದೆಗೆ ಒತ್ತಿಕೊಂಡರು. "ಅವಳ ಒಳ್ಳೇದಕ್ಕೇ ಕಣೇ. ನಾಳೆ ನೆಂಟರೆದುರು ತಲೆ ಎತ್ತಿಕೊಂಡು ಓಡಾಡ್ಬೇಕಲ್ಲ."

"ಕೆಲಸ ಎಲ್ಲಾ ನೀವೇ ಮಾಡ್ಕೊಂಡ್ರಲ್ಲ ಮಾರಾಯ್ರೆ. ಮಧ್ಯೆ ಮಲ್ಲಯ್ಯನ್ನ ಯಾಕೆ ಎಳೆದ್ರಿ? ನನ್ನನ್ನ ಯಾಕೆ ಎಳೆದ್ರಿ?"

"ಜೋಡಿ ಹರಕೆ ಬೇಗ ಫಲಿಸುತ್ತೆ ಅಂದ್ರು," ಎಂದರು ಮೆಲ್ಲಗೆ.

ಕೈಯಲ್ಲಿ ಗಂಗೆ ಇಲ್ಲದಿದ್ದರೆ ನಡುರಸ್ತೆಯಲ್ಲೇ ಜಗಳವಾಗುತ್ತಿತ್ತೋ ಏನೋ. ಟವೆಲ್ ಹರಿದು ಕಟ್ಟಿದ್ದು ನೆನಪಾಯಿತು. ಹರಕೆ ತೀರಬೇಕಾದರೆ ನನ್ನ ಕಾಲು ಬೇಕಿತ್ತು, ಅದಕ್ಕೇ ಅಷ್ಟು ಆರೈಕೆ ಎನಿಸಿತು. ಬಿಟ್ಟು ಬಸ್ಸು ಹತ್ತಲೂ ಧೈರ್ಯ ಸಾಲದೆ ಊರಂಚಿನ ವಿದ್ಯಾನಗರದವರೆಗೂ ಹಿಂದೆಯೇ ನಡೆದೆ.

ಅಲ್ಲಿ ಸ್ಫೂರ್ತಿಯ ಫೋನ್ ಬಂತು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಒಂದಿಷ್ಟು ಜೀವವಿತ್ತು. "ಅಮ್ಮ, ರಜ ಹಾಕಿದೀನಿ. ದೇವಸ್ಥಾನದ ಹತ್ರಾನೇ ಇದೀನಿ. ಕೊಡ ತುಂಬಿಸಿ ಇಟ್ಟಿದೀನಿ, ನಿಮ್ಮಿಬ್ಬರ ಪಾದ ನಾನೇ ತೊಳೀಬೇಕು."

ನನ್ನ ಕಾಲು ಅಲ್ಲಿಂದ ಮುಂದೆ ಹೋಗಲಿಲ್ಲ. ಅಲ್ಲೇ ತುಂಗಾ ಸೇತುವೆಯ ತುದಿಯಲ್ಲಿ ನಿಂತುಬಿಟ್ಟೆ. ಆ ಮಗು ಬಗ್ಗಿ ಈ ಕಾಲುಗಳನ್ನು ತೊಳೆಯುವುದೇ?

"ಇನ್ನೇನು ಬಂದೇ ಬಿಟ್ವಲ್ಲ," ಎಂದರು ಇವರು. "ಹರಕೆ ಅರ್ಧಕ್ಕೆ ಬಿಡ್ಬೇಡ ಮಾರಾಯ್ತಿ. ಯಾರ ಹೆಸರಲ್ಲಿ ಹೊತ್ತಿದ್ದೋ ಅವರಿಗೇ ಕೇಡು ತಟ್ಟುತ್ತೆ. ನನ್ನ ಮೇಲೆ ಸಿಟ್ಟಿದ್ರೆ ನನಗೇ ಬಯ್ಯಿ, ಮಗಳ ಮೇಲೆ ಹಾಕ್ಬೇಡ."

ನನಗೆ ಭಯವಾಯಿತು. ನಾನು ದೇವರನ್ನು ನಂಬಿದವಳು. ನಡೆದರೆ ಮಗಳಿಗೆ ಮೋಸ, ನಿಂತರೆ ಮಗಳಿಗೆ ಕೇಡು. ಎರಡರಲ್ಲಿ ಯಾವುದನ್ನು ಹೊರಲಿ? ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಏನಾಯ್ತಮ್ಮ?" ಎನ್ನುತ್ತಿದ್ದಳು. ಇವರು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಂತೆಯೇ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಮುಡುಪು, ಫಿಟ್ಸ್, ಕೇಡಿನ ಮಾತು, ಎಲ್ಲ.

"ಅಲ್ಲೇ ಇರು," ಎಂದಳು.

ಸ್ಕೂಟಿಯಲ್ಲಿ ಬಂದಳು. ಇಳಿಯಲಿಲ್ಲ, ಒಂದು ಕಾಲೂರಿ ನಿಂತಳು.

"ಪುಟ್ಟಿ, ನಾನು ನಿನ್ನ ಒಳ್ಳೇದಕ್ಕೇ..." ಎಂದರು ಇವರು.

"ನನಗೆ ಫಿಟ್ಸ್ ಬರುತ್ತಾ ಅಪ್ಪ?"

ಅವರು ತಲೆ ತಗ್ಗಿಸಿದರು. ಅವಳು ನನ್ನ ಕಡೆ ತಿರುಗಿ "ಹತ್ತಮ್ಮ," ಎಂದಳು.

"ನಿನಗೇನಾದ್ರೂ ಆದ್ರೆ?"

"ಆಗೋದೆಲ್ಲಾ ಆಗಿದೆ. ಹತ್ತು."

ಇವರು ಬೆವರು ಒರೆಸಿಕೊಳ್ಳಲು ದಿನವೂ ಮಾಡುವಂತೆ ತಂಬಿಗೆಯನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಸ್ಕೂಟಿ ಹತ್ತಿ ಕೂತೆ. ಕಾಲು ನೆಲ ಬಿಟ್ಟಾಗ ಎದೆ ಧಸಕ್ಕೆಂದಿತು, ನಿಜ. ಆದರೂ ಹಿಂದಿರುಗಿ ನೋಡಲಿಲ್ಲ.

ಸೇತುವೆ ದಾಟಿ ಮೊದಲ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಸುತ್ತ ಆಟೋಗಳ ಗದ್ದಲ. ಅವಳು ಮುಖ ತಿರುಗಿಸದೆಯೇ ಕೇಳಿದಳು.

"ಅಮ್ಮ, ನಿನಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ಮಲ್ಲಯ್ಯನ ಮೇಲೆ ಆಣೆ ಇಡಬೇಕೆಂದು ಬಾಯಿ ತೆರೆದೆ. ಈಗಷ್ಟೇ ಅವನ ಹರಕೆಯನ್ನು ನಡುದಾರಿಯಲ್ಲಿ ಬಿಟ್ಟು ಬಂದವಳು ಯಾವ ಮುಖದಿಂದ ಅವನ ಹೆಸರೆತ್ತಲಿ? ಗಂಡನ ಮೇಲೆ ಆಣೆ ಇಡುವ ಕಾಲ ನಿನ್ನೆ ಸಂಜೆಗೇ ಮುಗಿದಿತ್ತು.

"ಇಲ್ಲ ಪುಟ್ಟಿ," ಎಂದೆ.

ಸಿಗ್ನಲ್ ಬಿಟ್ಟಿತು, ಗಾಡಿ ಮುಂದೆ ಹೋಯಿತು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.