ಬಾಣಂತಿಗೆ ಮೀಸಲಾದ ಕೈ

ಆದಿವಾಲದಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ತೀಡಿ ನೀರೆರೆಯುವುದು ನಲವತ್ತು ವರ್ಷದಿಂದ ನನ್ನ ಕೆಲಸ. ಮುರುಗೇಶಪ್ಪನವರ ಮನೆಯ ಎರಡು ತಲೆಮಾರಿನ ಕೂಸುಗಳು ನನ್ನ ಕಾಲ ಮೇಲೆಯೇ ಮಲಗಿ ಅತ್ತಿವೆ.

ಹೋದ ವರ್ಷ ಆ ಮನೆಯ ಸೊಸೆ ಅನುಸೂಯಳ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಎಂದು ಎಡ ಮೊಲೆ ತೆಗೆದರು. ಗಾಯ ಮಾಯಿತು, ಆದರೆ ತೋಳು ಭುಜದ ಮಟ್ಟಕ್ಕೂ ಏಳದು. ತನ್ನ ಜಡೆ ತಾನು ಹಾಕಿಕೊಳ್ಳಲಾರಳು. ರವಿಕೆ ತೊಡುವಾಗ ಹಲ್ಲು ಕಚ್ಚುವಳು. ಅಂಟುರೋಗವೆಂದು ಅತ್ತೆ ಮರುಳಸಿದ್ದಮ್ಮ ಅವಳ ತಟ್ಟೆ, ಲೋಟ, ಚಾಪೆಯನ್ನೆಲ್ಲ ಹಿತ್ತಲ ಕೋಣೆಗೆ ಹಾಕಿದ್ದರು. ಗಂಡ ಮಾರುತಿ ಬಾಗಿಲ ಹೊರಗೇ ನಿಂತು, "ಉಂಡ್ಯೇನೇ?" ಎಂದು ಕೇಳಿ ಹೋಗುತ್ತಿದ್ದ.

ನಾನೂ ತಿಂಗಳುಗಟ್ಟಲೆ ಆ ಬಾಗಿಲ ಮುಂದೆ ಸುಮ್ಮನೆ ಹಾದುಹೋದವಳೇ. ಒಂದು ದಿನ ಮನಸ್ಸು ತಡೆಯದೆ ಒಳಗೆ ಹೋಗಿ, ಬಿಸಿ ಹರಳೆಣ್ಣೆ ಹಚ್ಚಿ, ಬಾಣಂತಿಗೆ ತೀಡುವಂತೆ ಬಲವಾಗಿ ತೀಡಿದೆ. ಮಾರನೆಯ ದಿನ ತೋಳು ಬಾಳೆದಿಂಡಿನಂತೆ ಊದಿತ್ತು. ತಪ್ಪು ನನ್ನದೇ. ಬಸ್ಸು ಹತ್ತಿಸಿ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಫಿಸಿಯೋಥೆರಪಿ ಮಾಡುವ ದಿವ್ಯಾ ಎಂಬ ಹುಡುಗಿ ಬೈಯಲಿಲ್ಲ. ನನ್ನ ಕೈ ಹಿಡಿದು ಕಲಿಸಿದಳು.

"ಅಜ್ಜಿ, ಬಿಸಿ ಬೇಡ, ಒತ್ತೋದೂ ಬೇಡ. ಕಂಕುಳಿನ ಗ್ರಂಥಿ ತೆಗೆದಿದಾರೆ. ತೋಳಿನ ನೀರು ಇಳಿಯಾಕೆ ದಾರಿ ಕಮ್ಮಿ ಐತೆ. ಚರ್ಮ ಅಷ್ಟೇ ಜರುಗೋ ಹಂಗೆ, ಭುಜದ ಕಡೆಗೆ ಹಗುರಾಗಿ ಸವರ್ರಿ."

"ಇದು ಅಂಟುತ್ತೇನವ್ವ?"

"ದಿನಾ ಇಂಥ ಹತ್ತು ಜನಾನ ಮುಟ್ತೀನಿ. ಅಂಟಂಗಿದ್ರೆ ನಂಗೆ ಎಷ್ಟು ಸಲ ಬರಬೇಕಿತ್ತು?"

ಓದುವವರೇ, ನಿಮ್ಮ ಮನೆಯ ಹಿತ್ತಲಲ್ಲೂ ಇಂಥ ಚಾಪೆಯಿದ್ದರೆ ಒಳಗೆ ತನ್ನಿ.

ದಿನಾ ಸವರಿದೆ, ಹೇಳಿಕೊಟ್ಟ ವ್ಯಾಯಾಮ ಮಾಡಿಸಿದೆ. ಎರಡು ತಿಂಗಳಿಗೆ ಅನುಸೂಯಳ ಕೈ ಕಿವಿ ಮುಟ್ಟಿತು. ಅಷ್ಟರಲ್ಲಿ ಮನೆಮಗಳು ಸುಪ್ರಿಯಾ ಹೆರಿಗೆಗೆ ಬಂದು, ಹೆಣ್ಣುಕೂಸು ಹೆತ್ತಳು.

"ವೀರಮ್ಮ, ನಾಳೆಯಿಂದ ಎರೆಯಾಕೆ ಬಾ," ಎಂದರು ಮರುಳಸಿದ್ದಮ್ಮ. "ಆದ್ರೆ ಅವಳ್ನ ಮುಟ್ಟಿದ ಕೈಲಿ ಕೂಸು ಮುಟ್ಟಂಗಿಲ್ಲ. ಅವಳ್ನ ಬಿಟ್ಬಿಡು."

"ಸೋಪು ಹಚ್ಚಿ ತೊಳ್ಕಂತೀನಿ."

"ಸೋಪಿಗೆ ಹೋಗುತ್ತಾ ಅದು? ಹಿರೇರು ಸುಮ್ನೆ ಹೇಳ್ತಾರಾ?"

"ನಿಮಗಿಂತ ಹಿರೇಳು ನಾನೇ ಕಣ್ರಿ. ನಾನಂತೂ ಹೇಳಿಲ್ಲ."

"ನಗಬ್ಯಾಡ. ಊರಾಗೆ ಯಾವ ಬಾಣಂತಿ ಮನೇರೂ ನಿನ್ನ ಕರೆಯಲ್ಲ, ತಿಳ್ಕ."

ಅದು ಸುಳ್ಳಲ್ಲ. ಆಗಲೇ ಎರಡು ಮನೆಯವರು ಬೇರೆಯವರನ್ನು ಕರೆಸಿಕೊಂಡಿದ್ದರು.

ಹಿತ್ತಲಿಂದ ಅನುಸೂಯಳ ದನಿ ಬಂತು. "ಹೋಗವ್ವ. ನನ್ನಿಂದ ನಿನ್ನ ಕೆಲ್ಸ ಕೆಡೋದು ಬ್ಯಾಡ. ನಾನು ಹೆಂಗೋ ಇರ್ತೀನಿ."

ಈಗ ಬಿಟ್ಟರೆ ಆ ತೋಳು ಮತ್ತೆ ಬಿಗಿಯುವುದೆಂದು ದಿವ್ಯಾ ಎಚ್ಚರಿಸಿದ್ದಳು.

"ಕೂಸಿಗೆ ಎರೆಯೋರು ಊರಾಗೆ ಇನ್ನೂ ನಾಕು ಜನ ಅವ್ರೆ," ಎಂದೆ. "ಇವಳಿಗೆ ಯಾರವ್ರೆ? ನಾನು ಎರೆಯಾಕೆ ಬರಲ್ಲ."

ಹಿತ್ತಲಿಗೆ ಹೋಗಿ ಚಾಪೆ ಎತ್ತಿಕೊಂಡು ಬಂದು, ನಡುಮನೆಯಲ್ಲಿ ಹಾಸಿ ಅನುಸೂಯಳನ್ನು ಕೂರಿಸಿದೆ. ಮರುಳಸಿದ್ದಮ್ಮ ಮುಖ ತಿರುಗಿಸಿ ಒಳಗೆ ಹೋದರು. ಮಾರುತಿ ಬಾಗಿಲಲ್ಲಿ ನಿಂತಿದ್ದ.

"ಲೇ ಮಾರುತಿ, ನಂಗೆ ಎಪ್ಪತ್ತಾತು. ಇನ್ನೆಷ್ಟು ದಿನ ನಾನೇ ಬರ್ಲಿ? ಕೈ ತೊಳ್ಕಂಡು ಬಾ, ಕಲಿ."

ಅವನು ತಾಯಿ ಹೋದ ಕಡೆ ಒಮ್ಮೆ ನೋಡಿದ. ಆಮೇಲೆ ಬಚ್ಚಲಲ್ಲಿ ನೀರಿನ ಸದ್ದಾಯಿತು. ಬಂದು ಕುಳಿತು, ಕೈಯನ್ನು ಹೆಂಡತಿಯ ತೋಳಿನ ಮೇಲಿಟ್ಟ. ಅನುಸೂಯ ಗೋಡೆ ಕಡೆ ಮುಖ ಮಾಡಿದಳು.

"ನೋವಾತೇನೇ?" ಎಂದ ಅವನು.

"ಇಲ್ಲ," ಎಂದಳು.

"ಭುಜದ ಕಡೆಗೆ," ಎಂದೆ ನಾನು. "ಇನ್ನೂ ಹಗುರ."