ಸಣ್ಣವ್ವನ ವೀಸಾ

"ಮನಷ್ಯಾರು ಇರೂ ಜಾಗಾ ಏನ್ಲೇ ಇದು? ಫಾರಿನ್ ಹೆಣಮಗಳನ್ನ ತಂದು ಹಂದಿ ಬಾಜು ಮಲಗಿಸೀರಲ್ಲೋ ಬೋಳಿಮಕ್ಕಳ್ರ್ಯಾ."

ಊರ ಸಾವ್ಕಾರ ಸಂಗನಬಸವ ಗಟಾರದ ಆಚೆ ನಿಂತು ಒದರುತ್ತಿದ್ದ. ಅವನ ವಾಡೆಯವರು ಯಾರೂ ಗಟಾರ ದಾಟಿ ನಮ್ಮ ಕೇರಿಯೊಳಗೆ ಬಂದವರಲ್ಲ. ಬೈಗುಳ ಮಾತ್ರ ದಿನಾ ದಾಟಿ ಬರುತ್ತಿತ್ತು. ಅವತ್ತು ಜತೆಗೆ ಒಬ್ಬ ಪೊಲೀಸನನ್ನೂ ಕರೆತಂದಿದ್ದ.

ನಮ್ಮ ಹನಮಪ್ಪ ಬಾರಿಸುವ ಹಲಗೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಿದ್ದ. ಅವನ ಪಕ್ಕದಲ್ಲಿ ಕೋಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವಳೇ ಆ ಫಾರಿನ್ ಹೆಣ್ಣುಮಗಳು. ಪೋರ್ಚುಗಲ್ಲಿನವಳು, ಹೆಸರು ಈನೇಸ್. ಬಂದ ಮರುದಿನವೇ ನಮ್ಮ ಬಾಯಲ್ಲಿ ಈನವ್ವ ಆಗಿದ್ದಳು. ಯಾವುದೋ ವಿಡಿಯೋದಲ್ಲಿ ಹನಮಪ್ಪನ ಹಲಗೆ ಕೇಳಿ, ಹುಬ್ಬಳ್ಳಿಯಲ್ಲಿಳಿದು, ಕುಂದಗೋಳದ ಬಸ್ಸು ಹತ್ತಿ, ಅದನ್ನು ಕಲಿಯಲೆಂದೇ ಬಂದು ಅವನ ಮನೆಯಲ್ಲಿ ಉಳಿದಿದ್ದಳು.

"ವೀಸಾ ತೋರಸ್ರಿ ಮೇಡಂ," ಎಂದ ಪೊಲೀಸ.

ಈನವ್ವ ಚಡ್ಡಿಯ ಹಿಂದಿನ ಕಿಸೆಯಿಂದ ಫೋನು ತೆಗೆದು ಕೊಟ್ಟಳು. ಪೊಲೀಸ ಅದನ್ನು ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ಅದರಲ್ಲಿದ್ದ ಫೋಟೋ ನೋಡಿದ, ಅವಳ ಮುಖ ನೋಡಿದ. ಆಮೇಲೆ ಅವನು ಫೋನನ್ನು ಎರಡೂ ಕೈಯಿಂದ, ಗುಡಿಯಲ್ಲಿ ತೀರ್ಥದ ಬಟ್ಟಲು ಕೊಟ್ಟ ಹಾಗೆ, ಅವಳಿಗೆ ವಾಪಸು ಕೊಟ್ಟ. ಪೊಲೀಸನೊಬ್ಬ ಎರಡು ಕೈ ಬಳಸಿ ಹೊಡೆಯುವುದನ್ನು ಬಿಟ್ಟು ಬೇರೇನಾದರೂ ಮಾಡಿದ್ದನ್ನು ನಮ್ಮ ಕೇರಿ ಅವತ್ತೇ ನೋಡಿದ್ದು.

"ಎಲ್ಲಾ ಬರೋಬರಿ ಐತ್ರಿ ಸಾವ್ಕಾರ್ರ. ಟೂರಿಸ್ಟ್ ವೀಸಾ. ಇವರ ಮನ್ಯಾಗ ಇಳಕೊಂಡಾರಂತ ಆನ್‌ಲೈನ್‌ದಾಗ ನಮೂದೂ ಮಾಡ್ಸ್ಯಾರ."

"ಯಾವ ಶಾಣ್ಯಾ ಮಾಡ್ಸಿದಾಂವ?"

"ನಾನರಿ," ಎಂದಳು ಹನಮಪ್ಪನ ಮಗಳು ಸುನಿತಾ. ಅವಳು ಕುಂದಗೋಳದ ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಪಹಣಿ, ಪಿಂಚಣಿ, ಆಧಾರ್ ಎಲ್ಲ ಅವಳ ಬೆರಳ ತುದಿಯಲ್ಲೇ ಹಾದುಹೋಗುತ್ತವೆ.

"ಇಲ್ಲೇ ಯಾಕ ಬೀಳಬೇಕು? ವಾಡೇದಾಗ ಇರ್ಲಿ. ಅಟ್ಯಾಚ್ ಬಾತ್ರೂಮ್ ಐತಿ," ಎಂದ ಸಂಗನಬಸವ.

"ಅದು ಅಕಿ ಖುಷಿರಿ," ಎಂದ ಪೊಲೀಸ. "ದೇಶದಾಗ ಎಲ್ಲೆ ಬೇಕಾದ್ರೂ ಅಡ್ಡಾಡಬಹುದು ಅಕಿ."

ಸಂಗನಬಸವನ ನಾಲಗೆಯ ತುದಿಗೆ ನಮ್ಮ ಜಾತಿಯ ಹೆಸರು ಬಂತು. ಜಾತಿನಿಂದನೆಯ ಕೇಸು ಬಿದ್ದೀತೆಂದು ನೆನಪಾಗಿ, ಮೀನಿನ ಮುಳ್ಳು ನುಂಗಿದವನಂತೆ ನುಂಗಿಕೊಂಡು ಬೈಕ್ ಹತ್ತಿದ.

ಎಲ್ಲೆ ಬೇಕಾದ್ರೂ. ಆ ಮಾತು ನಮ್ಮ ತಲೆಗೆ ಹೆಂಡದಂತೆ ಏರಿತು. ಅವತ್ತಿಡೀ ನಾವು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕೆವು. ಬಹಿರ್ದೆಸೆಗೆ ಹೊರಟವನನ್ನು ತಡೆದು ವೀಸಾ ಕೇಳಿದೆವು.

ಮರುದಿನ ಈನವ್ವ ಹಳ್ಳ ನೋಡಬೇಕೆಂದಳು. ಹಳ್ಳಕ್ಕೆ ಹೋಗುವ ಗಾಡಿದಾರಿ ಸಂಗನಬಸವನ ಹೊಲದ ನಡುವೆ ಹಾಯುತ್ತದೆ. ಆ ದಾರಿಯ ಕೊನೆಗೇ, ಹಳ್ಳದ ದಂಡೆಯಲ್ಲಿ, ನಮ್ಮ ಕೇರಿಯವರನ್ನು ಮಣ್ಣು ಮಾಡುವ ಜಾಗ. ಬೋರು ಕೊರೆಸಿದ ಮೇಲೆ ಸಂಗನಬಸವ ಸುತ್ತಲೂ ಮುಳ್ಳುತಂತಿ ಎಳೆದು ಗೇಟು ಹಾಕಿದ್ದ. ಅಂದಿನಿಂದ ನಮ್ಮ ಹೆಣಗಳು ಹಳ್ಳದೊಳಗಿನಿಂದಲೇ ಹೋಗುತ್ತವೆ. ಕಳೆದ ಮಳೆಗಾಲದಲ್ಲಿ ಉಡಚಪ್ಪನನ್ನು ಹೊತ್ತವರ ಕಾಲು ಜಾರಿತು. ಬದುಕಿರುವ ತನಕ ಈಜು ಬಾರದಿದ್ದ ಉಡಚಪ್ಪ ಅವತ್ತು ನಮ್ಮ ಕೈಗೆ ಸಿಗದಂತೆ ಈಜಿದ. ಜಾಲಿಯ ಗಿಡಕ್ಕೆ ಸಿಕ್ಕಿಕೊಂಡಿರದಿದ್ದರೆ ಹಾಗೇ ಮುಂದಿನ ತಾಲ್ಲೂಕಿಗೆ ಹೋಗುತ್ತಿದ್ದ.

ಈನವ್ವನನ್ನು ಕಂಡು ಸಂಗನಬಸವ ತಾನೇ ಬಂದು ಗೇಟು ತೆಗೆದ. "ಬರ್ರಿ ಮೇಡಂ, ಬರ್ರಿ." ಒಂದು ಹಿಡಿ ಕಡಲೆಗಿಡ ಕಿತ್ತು ಕೈಗೆ ಕೊಟ್ಟ, ಹಸಿಕಾಳು ಬಿಡಿಸಿ ತಿನ್ನುವುದು ಹೇಗೆಂದು ತೋರಿಸಿದ. ಅವಳ ಚೀಲ ಹೊತ್ತು ಹಿಂದೆ ಹೊರಟಿದ್ದ ಹನಮಪ್ಪನ ಎದೆಗೆ ಗೇಟು ಬಡಿಯಿತು.

"ನೀ ಎಲ್ಲಿಗಲೇ? ಚೀಲ ಒಳಗ ಒಗಿ. ನೀ ಹೊರಗ ನಿಂದರು."

ಚೀಲ ಒಳಗೆ ಹೋಯಿತು. ಹನಮಪ್ಪ ಹೊರಗೆ ನಿಂತ. ಸಂಜೆ ಬಂದು ಅದನ್ನು ಅವನೇ ನಗುನಗುತ್ತ ಹೇಳಿದ. "ಚೀಲಕ್ಕೂ ವೀಸಾ ಐತಿ ನೋಡ್ರಿ," ಎಂದ. ಅವನ ತಾಯಿ ಸಣ್ಣವ್ವ ನಗಲಿಲ್ಲ.

ಸಣ್ಣವ್ವ ನಮ್ಮ ಕೇರಿಯ ಹಿರಿಯ ಜೀವ. ಕಾಲು ಬಿದ್ದುಹೋಗಿವೆ, ಬಾಯಿ ಗಟ್ಟಿ. ಉಡಚಪ್ಪ ಅವಳ ತಮ್ಮ. ಅವನ ಈಜಿನ ಕತೆ ಕೇಳಿದಂದಿನಿಂದ ಅವಳಿಗೆ ಒಂದೇ ಚಿಂತೆ: ತಾನು ನೀರಲ್ಲಿ ಹೋಗಬಾರದು. ಒಣ ದಾರಿಯಲ್ಲಿ ಹೋಗಬೇಕು.

ವೀಸಾದ ಅವಧಿ ಮುಗಿದ ದಿನ ಈನವ್ವ ಹೊರಟಳು. ಒಂದು ದಿನ ಹೆಚ್ಚಿಗೆ ಇರು ಎಂದರೂ ಕೇಳಲಿಲ್ಲ. ಸಣ್ಣವ್ವನನ್ನು ಅಪ್ಪಿಕೊಂಡು, ತನ್ನ ಕರಿ ಕನ್ನಡಕವನ್ನು ಅವಳ ಮೂಗಿಗೆ ಏರಿಸಿ ಬಸ್ಸು ಹತ್ತಿದಳು. ಬಸ್ಸಿನ ಧೂಳು ಅಡಗುವ ಮುಂಚೆ ಸಣ್ಣವ್ವ ಮೊಮ್ಮಗಳ ಕೈ ಹಿಡಿದಳು.

"ಸುನೀ, ಆ ಚೀಟಿ ನನಗೂ ಮಾಡ್ಸಬೇ."

"ಯಾವ ಚೀಟಿ, ಆಯಿ?"

"ಎಲ್ಲೆ ಬೇಕಾದ್ರೂ ಅಡ್ಡಾಡೂ ಚೀಟಿ. ಆ ಸಂಗ್ಯಾನ ಕೈಲೆ ಗೇಟ್ ತಗಸೂ ಚೀಟಿ. ಜೀಂವ ಇರೂಮಟಾನ ಅರ್ಜಿ ಹಾಕಬೇಕಂತಲ್ಲ ಅದಕ್ಕ? ಸತ್ತ ಮ್ಯಾಲ ಹೆಬ್ಬಟ್ಟ ಯಾರ ಒತ್ತತಾರ?"

ಸುನಿತಾ ತಮಾಷೆಗೆ ಫೋನಿನಲ್ಲಿ ವೀಸಾದ ಸೈಟು ತೆರೆದಳು. ಮನೆಯ ಕಟ್ಟೆಯ ಸುತ್ತ ಕೇರಿ ನೆರೆಯಿತು.

"ಯಾವ ದೇಶದಾಕಿ ಅಂತ ಕೇಳಾಕತ್ತೈತಿ."

"ನಮ್ಮದ ಒತ್ತು."

ಸುನಿತಾಳ ಹೆಬ್ಬೆರಳು ಮೇಲೆ ಕೆಳಗೆ ಓಡಾಡಿತು. ನಾವು ಹೆಸರೂ ಕೇಳಿರದ ದೇಶಗಳು ಒಂದರ ಹಿಂದೊಂದು ಇರುವೆಗಳಂತೆ ಸಾಗಿಹೋದವು. "ನಮ್ಮದ ಇದರಾಗ ಇಲ್ಲಬೇ. ಇದು ಹೊರಗಿನವರಿಗೆ ಅಷ್ಟ."

"ಮತ್ತ ನಮ್ಮನ್ನ ಒಳಗಿನವ್ರು ಅಂದವ್ರು ಯಾರಬೇ?"

ಸುನಿತಾ ಫೋನು ಆರಿಸಿದಳು. ಆಮೇಲೆ ಬಿಳಿ ಹಾಳೆ ತಂದು ಗೆರೆ ಎಳೆಯತೊಡಗಿದಳು. ಮೂಲೆಯಲ್ಲಿ ಫೋಟೋಗೆ ಒಂದು ಚೌಕ. "ನಡೀರಿ, ನಾವ ಕೊಡೂಣು. ಆ ಸೈಟ್ ಕೇಳೂದನ್ನೆಲ್ಲಾ ಕೇಳ್ತೀನಿ, ಬರೋಬರಿ ಹೇಳಬೇಕು. ಹುಟ್ಟಿದ ತಾರೀಖ?"

"ಜನವರಿ ಒಂದು," ಎಂದೆವು ಎಲ್ಲರೂ. ಆಧಾರಿನ ಪ್ರಕಾರ ನಮ್ಮ ಕೇರಿಯ ಮುದುಕ ಮುದುಕಿಯರೆಲ್ಲ ಒಂದೇ ದಿನ ಹುಟ್ಟಿದವರು. ಸೂಲಗಿತ್ತಿಗೆ ಅವತ್ತು ಉಣ್ಣಲೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ.

"ಪ್ರಯಾಣದ ಉದ್ದೇಶ? ಪ್ರವಾಸ, ವ್ಯಾಪಾರ, ದವಾಖಾನಿ, ಯಾವದು?"

"ಮಣ್ಣಿಗಿ."

"ಎಷ್ಟ ದಿನಾ ಇರಾಕಿ?"

"ಹೋದಾಕಿ ತಿರುಗಿ ಬರಂಗಿಲ್ಲಂತ ಬರಿ. ಹೆದರಬ್ಯಾಡ ಅನ್ನು ಅವಂಗ."

"ಒಳಗ ಹೋಗೂ ಜಾಗಾ?"

"ಸಂಗ್ಯಾನ ಗೇಟು."

"ಈ ಮೊದಲ ಎಲ್ಲೆರ ಒಳಗ ಬಿಡದ ತಿರುಗಿ ಕಳಿಸ್ಯಾರೇನು?"

ನಗು ತಡೆಯಲಾಗಲಿಲ್ಲ. ಹನಮಪ್ಪ ಹಲಗೆಯ ಮೇಲೆ ಬಿದ್ದು ಹೊರಳಿದ. ಗುಡಿ, ಚಾದಂಗಡಿ, ಕ್ಷೌರದಂಗಡಿ, ಬಾವಿ ಎಂದು ಒಬ್ಬೊಬ್ಬರೂ ಒಂದೊಂದು ಕೂಗಿದೆವು. ಸುನಿತಾ ಬರೆದೂ ಬರೆದೂ ಹಾಳೆ ತಿರುವಿದಳು.

"ಸಾಕ್ ತಡೀರಿ. ಮೈಮ್ಯಾಲ ಗುರುತಿನ ಕಲೆ?"

ಸಣ್ಣವ್ವ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

ಆ ಕಲೆಯ ಕತೆ ನಮಗೆಲ್ಲ ಗೊತ್ತಿದ್ದದ್ದೇ. ಸಣ್ಣವ್ವ ಹೊಸದಾಗಿ ಮದುವೆಯಾಗಿ ಬಂದಾಗ ಕಿವಿಗೆ ಬೆಂಡೋಲೆ ಇಟ್ಟುಕೊಂಡು ವಾಡೆಯ ಕಣಕ್ಕೆ ಜೋಳ ಕೇರಲು ಹೋಗಿದ್ದಳಂತೆ. ಸಂಗನಬಸವನ ಅಪ್ಪ ಈರಬಸಪ್ಪ, ಕೇರಿಯ ಹೆಣ್ಣಿಗೆ ಬಂಗಾರ ಯಾಕೆ ಎಂದು, ಬಲಗಿವಿಯ ಬೆಂಡೋಲೆಯನ್ನು ಬದನೆಕಾಯಿ ಕಿತ್ತ ಹಾಗೆ ಕಿತ್ತುಬಿಟ್ಟ. ಅದು ಹಿತ್ತಾಳೆಯದು. ಅಂದು ತಲೆ ಮೇಲೆ ಏರಿದ ಸೆರಗನ್ನು ಅವಳು ಮತ್ತೆ ಇಳಿಸಲಿಲ್ಲ. ಆ ಕಿವಿಯನ್ನು ಹೊಟ್ಟೆಯ ಮಗ ಹನಮಪ್ಪನೂ ಸರಿಯಾಗಿ ನೋಡಿಲ್ಲ.

"ಫೋಟೋ ತಗೀಬೇಕಲ್ಲ ಆಯಿ," ಎಂದಳು ಸುನಿತಾ ಮೆಲ್ಲಗೆ. ಹಿಂದೆ ಬಿಳಿ ಬಣ್ಣ ಇರಬೇಕೆಂಬ ನಿಯಮಕ್ಕೆ ಆಗಲೇ ಇಬ್ಬರು ಹನಮಪ್ಪನ ಧೋತರ ಹಿಡಿದು ನಿಂತಿದ್ದರು. "ತಲಿಮ್ಯಾಲ ಸೆರಗ ಇರಬಾರದು. ಚಷ್ಮಾ ಇರಬಾರದು. ಎರಡೂ ಕಿವಿ ಕಾಣಬೇಕಂತ."

"ಒಂದ ಕಿವಿ ಸಾಕನ್ನು ಅವರಿಗೆ."

"ಹಂಗ ನಡೆಯಂಗಿಲ್ಲಬೇ."

"ನಡೀಲಿಲ್ಲಂದ್ರ ಬಿಡು. ಫೋಟೋ ಬ್ಯಾಡ."

ಚೌಕ ಖಾಲಿಯೇ ಉಳಿಯಿತು. ಕೊಟ್ಟವರು ಯಾರು ಎಂಬಲ್ಲಿ ಸುನಿತಾ 'ಕೇರಿ' ಎಂದು ಬರೆದಳು. ಹನಮಪ್ಪ ಹಲಗೆಕೋಲಿನ ತುದಿಯನ್ನು ಮಸಿಯಲ್ಲಿ ಅದ್ದಿ ಒತ್ತಿದ. ಕರ್ರಗೆ ದುಂಡಗೆ ಮುದ್ರೆ ಬಿತ್ತು. ಸಣ್ಣವ್ವ ಅದನ್ನು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಸಂಗನಬಸವ ಮತ್ತೆ ಗಟಾರದ ಆಚೆ ನಿಂತಿದ್ದ.

"ಲೇ ಹನಮ್ಯಾ, ನಮ್ಮ ಅಪ್ಪಾರು ಹೋದ್ರಲೇ. ಬೀಗರು ಬಂದು ಕುಂತಾರ. ಹಲಗಿ ತಗೊಂಡು ಲಗೂನ ಬರ್ರಿ. ಹಿಂದಿನ ಸಲದಂಗ ಕುಡದು ಬಂದ್ರ ಹುಣಸಿ ಬರ್ಲ ಮುರೀತೀನಿ."

"ಬಂದ್ವಿರಿ ಧಣಿ," ಎಂದಿತು ಹನಮಪ್ಪನ ಬಾಯಿ. ಬಾಯಿ ಅನ್ನುವ ಮುಂಚೆಯೇ ಕಾಲು ಎದ್ದಿದ್ದವು. ಅವನ ಅಪ್ಪನ ಕಾಲುಗಳೂ ಹೀಗೇ ಏಳುತ್ತಿದ್ದವು. ವಾಡೆಯ ಹೆಣ ಹಲಗೆಯ ಸದ್ದು ಕೇಳದೆ ಹೊಸ್ತಿಲು ಬಿಡುವುದಿಲ್ಲ. ಹಲಗೆ ಮುಂದೆ, ಹೆಣ ಹಿಂದೆ. ಹಲಗೆಯ ಹಿಂದೆ ಹೊರಟಿದ್ದನ್ನು ನಡುದಾರಿಯಲ್ಲಿ ನಿಲ್ಲಿಸಬಾರದು, ತಿರುಗಿಸಬಾರದು. ಇದು ವಾಡೆಯವರೇ ಮಾಡಿದ ನಿಯಮ.

ಸಂಗನಬಸವನ ಬೈಕ್ ಮರೆಯಾದ ಮೇಲೆ ಒಳಗಿನಿಂದ ಸಣ್ಣವ್ವನ ದನಿ ಬಂತು. "ನಿಂದರಲೇ ಹನಮ್ಯಾ. ಇವತ್ತ ನಾನೂ ಹೊಂಟೀನಿ."

"ನೀ ಇನ್ನೂ ಸತ್ತಿಲ್ಲಬೇ ಯವ್ವಾ."

"ಸತ್ತ ಮ್ಯಾಲ ದಾರಿ ಸರಿ ಐತೋ ಇಲ್ಲೋ ಅಂತ ಹೆಂಗ ನೋಡ್ಲಿ? ಇವತ್ತ ಗೇಟ್ ತಗದಿರತೈತಿ. ಅವರಪ್ಪನ್ನ ಹೂಳೂದು ಅದ ಹೊಲದಾಗ. ಕುರ್ಚಿ ತರ್ರಿ."

ಹನಮಪ್ಪ ನಮ್ಮನ್ನು ನೋಡಿದ. ನಾವು ಸುನಿತಾಳನ್ನು ನೋಡಿದೆವು. ಸುನಿತಾ ಹೋಗಿ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಳು. ಅದರ ಕೈಗಳಿಗೆ ಎರಡು ಬಿದಿರುಗಳನ್ನು ಕಟ್ಟಿದೆವು. ಸಣ್ಣವ್ವ ಒಗೆದ ಇಲಕಲ್ ಸೀರೆ ಉಟ್ಟು, ಸೆರಗು ಹೊದ್ದು, ಮೂಗಿಗೆ ಈನವ್ವನ ಕರಿ ಕನ್ನಡಕ ಏರಿಸಿ ಕೂತಳು. ಎತ್ತಿದರೆ ಹುಲ್ಲಿನ ಪೆಂಡಿಯಷ್ಟೂ ಭಾರವಿರಲಿಲ್ಲ.

"ಅಳೂದು ಬ್ಯಾಡೇನಬೇ ಆಯಿ?" ಎಂದು ಯಾರೋ ಕೇಳಿದರು.

"ಟೂರಿಸ್ಟ್ ಹೋಗುಮುಂದ ಯಾರರ ಅಳತಾರೇನಲೇ? ಬಾರಸ್ರಿ."

ಹಲಗೆ ಎದ್ದಿತು. ಆ ಸದ್ದು ಕೇಳಿ ವಾಡೆಯಲ್ಲಿ ಹೆಣ ಎತ್ತಿದರು. ಈರಬಸಪ್ಪನನ್ನು ಹೂವಿನ ಮಂಟಪದಲ್ಲಿ ಕೂರಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ನಾವು ವಾಡೆಯ ಬಾಗಿಲಿಗೆ ಹೋಗಲೇ ಇಲ್ಲ. ಊರಬಾಗಿಲ ಅಗಸಿಯ ಹತ್ತಿರ ಕಾದು, ಅವರು ಬಂದೊಡನೆ ಮುಂದೆ ಸೇರಿಕೊಂಡೆವು. ಮೊದಲು ಹಲಗೆಗಳು, ನಡುವೆ ಸಣ್ಣವ್ವ, ಹಿಂದೆ ಈರಬಸಪ್ಪ. ಗುಲಾಲಿನ ಮೋಡದಲ್ಲಿ ಹಿಂದಿನವರಿಗೆ ಕಂಡದ್ದು ತೂಗಾಡುವ ಒಂದು ಕೆಂಪು ಕುರ್ಚಿಯ ಬೆನ್ನು. "ಯಾರೋ ಬೀಗರ ಪೈಕಿ ಮುದುಕಿ ಇರಬೇಕು," ಎಂದಿತು ಒಂದು ದನಿ. ಹನಮಪ್ಪ ಹಿಂದೆಂದೂ ಬಾರಿಸದ ಪೆಟ್ಟು ಬಾರಿಸಿದ. ವಾಡೆಯ ಅಳಿಯಂದಿರ ಕಾಲುಗಳೂ ತಾಳ ಹಿಡಿದವು. ಸಣ್ಣವ್ವ ಕುರ್ಚಿಯ ಮೇಲಿಂದ ಎರಡೂ ಬದಿಯ ಹೊಲ ನೋಡುತ್ತ, "ಕಡ್ಲಿ ಚೊಲೋ ಬಂದೈತಿ," ಎನ್ನುತ್ತಿದ್ದಳು.

ಸಂಗನಬಸವ ಮುಂಚೆಯೇ ಬಂದು ಗೇಟಿನಲ್ಲಿ ನಿಂತಿದ್ದ. ಒಂದು ಕದ ತೆರೆದಿತ್ತು, ಇನ್ನೊಂದು ಕದದ ಹಗ್ಗ ಕೈಯಲ್ಲಿತ್ತು. ಹಲಗೆಯವರು ಒಳಗೆ ಹೋದರು. ಅವರ ಹಿಂದೆ ಬಂದ ಕುರ್ಚಿ ಕಂಡು ಅವನು ಗೇಟಿಗೆ ಅಡ್ಡ ಬಂದ.

"ಏನ್ಲೇ ಇದು?"

ಹಲಗೆ ನಿಂತಿತು.

"ದಾರಿ ನೋಡಾಕ ಬಂದೀನೋ ಸಂಗಪ್ಪಾ," ಎಂದಳು ಸಣ್ಣವ್ವ. "ನಾಳೆ ನನ್ನನ್ನೂ ಇದ ದಾರಿಲೆ ತರತಾರ. ಚೀಟಿ ಐತಿ ನೋಡು."

"ನಿಮ್ಮವ್ನ, ಇವತ್ತ ಚ್ಯಾಷ್ಟಿ ಮಾಡಾಕ ಬಂದೀರೇನ್ಲೇ? ಹೆಣದ ಮುಂದ?" ಹಾಳೆಯನ್ನು ಕಸಿದುಕೊಂಡ. ಹಿಂದಿನಿಂದ ಬೀಗರೆಲ್ಲ ಕತ್ತು ಚಾಚಿದರು. ಹರಿಯಲು ಹೋದವನು ಎಲ್ಲರೆದುರು ಏನಾದರೂ ಅನ್ನಬೇಕೆಂದು ಖಾಲಿ ಚೌಕಕ್ಕೆ ಬೆರಳಿಟ್ಟ. "ಇದರಾಗ ಫೋಟೋನ ಇಲ್ಲ. ಯಾರದಂತ ತಿಳೀಬೇಕು ಇದು?"

ಸಣ್ಣವ್ವ ಕನ್ನಡಕ ತೆಗೆದು ಸುನಿತಾಳ ಕೈಗೆ ಕೊಟ್ಟಳು. ಆಮೇಲೆ ಸೆರಗನ್ನು ತಲೆಯ ಮೇಲಿಂದ ಜಾರಿಸಿದಳು. ಬಿಸಿಲಿಗೆ ಬೆಳ್ಳಗೆ ಹೊಳೆವ ಕೂದಲು. ಎಡಗಿವಿ. ನಡುವೆ ಸೀಳಿ ಎರಡು ತುಣುಕಾಗಿ ಜೋತ ಬಲಗಿವಿ.

"ಎರಡೂ ಕಾಣಬೇಕಂತ. ಕಂಡೂ?" ಎಂದಳು. "ನನ್ನ ತಿರುವ್ರೋ. ಹಿಂದಿನಾಂವಗೂ ಕಾಣಲಿ."

ನಾವು ಕುರ್ಚಿ ತಿರುವಿದೆವು. ಹೂವಿನ ನಡುವೆ ಕೂತ ಈರಬಸಪ್ಪನ ಎದುರಿಗೆ, ಒಂದು ಮಾರು ದೂರದಲ್ಲಿ, ಸಣ್ಣವ್ವ ಕೂತಳು. ಅವನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ.

"ಯಾಕ ನಿಂತ್ರಿ? ಹೆಗಲ ಹರೀತಾವು, ನಡೀರಿ ಮುಂದ," ಎಂದು ಮಂಟಪ ಹೊತ್ತವರು ಒದರಿದರು.

ಹನಮಪ್ಪ ಕೋಲು ಎತ್ತಿದ. ಹಲಗೆ ಮತ್ತೆ ಎದ್ದಿತು. ಆ ಪೆಟ್ಟಿಗೆ ಮಂಟಪ ಹೊತ್ತವರ ಕಾಲುಗಳು ತಾವಾಗೇ ಮುಂದೆ ಬಿದ್ದವು. ಈರಬಸಪ್ಪ ತೂಗಾಡುತ್ತ ಹತ್ತಿರ ಬಂದ. ಅವನ ಮಂಟಪ ನಮ್ಮ ಕುರ್ಚಿಯನ್ನು ನೂಕಿತು, ಕುರ್ಚಿಯ ಬೆನ್ನು ಸಂಗನಬಸವನ ಎದೆಗೆ ತಗುಲಿತು. ಗೇಟಿನ ಹಗ್ಗ ಇನ್ನೂ ಅವನ ಕೈಯಲ್ಲಿತ್ತು, ಅದರ ಎಳೆತಕ್ಕೆ ಇನ್ನೊಂದು ಕದವೂ ಒಳಕ್ಕೆ ತೆರೆದುಕೊಂಡಿತು. ಅವನ ಹಿಮ್ಮಡಿ ಕರಿಮಣ್ಣಿನಲ್ಲಿ ಒಂದು ಗೆರೆ ಕೊರೆಯುತ್ತ ಹಿಂದೆ ಸರಿಯತೊಡಗಿತು.