ಫ್ರಿಜ್ಜಿನ ಹಿಂದಿನ ಬಾಗಿಲು

ಕಾಂತಿ ಸ್ವಿಚ್ಚು ಆರಿಸಿ ಹೊರಗೆ ಬಂದಳು. ಕಾರಿನ ಮೂತಿಗೆ ಚುಚ್ಚಿದ್ದ ಚಾರ್ಜರನ್ನು ಸದ್ದಾಗದಂತೆ ಎಳೆದು, ಮುಚ್ಚಳ ಹಾಕಿದಳು. ಇಬ್ಬನಿಗೆ ಒದ್ದೆಯಾದ ವಯರನ್ನು ಹಳೆಯ ಬೈರಾಸಿನಿಂದ ಉದ್ದಕ್ಕೂ ಒರೆಸಿ, ಮೊಣಕೈಗೆ ಸುತ್ತಿ, ತನ್ನ ಕೋಣೆಯ ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದಳು. ದಿನವೂ ಅವಳದೇ ಕೆಲಸ ಇದು. ಮಾಡು ಎಂದು ಯಾರೂ ಹೇಳಿದ್ದಲ್ಲ, ಸಾಕು ಎಂದು ಹೇಳುವವರೂ ಇಲ್ಲ.

ಕಾರಿನ ಕನ್ನಡಿಗೆ ಭತ್ತದ ತೆನೆ ಕಟ್ಟಿತ್ತು. ಮೊನ್ನೆ ತೆನೆ ಹಬ್ಬಕ್ಕೆ ಭಜನಾ ಮಂದಿರದಿಂದ ತಂದ ತೆನೆಯನ್ನು ಮಾವಿನ, ಹಲಸಿನ ಎಲೆಯಲ್ಲಿ ಸುತ್ತಿ ಅಣ್ಣ ಲತೇಶನೇ ಮನೆಯ ಎಲ್ಲದಕ್ಕೂ ಕಟ್ಟಿದ್ದ. ಬಾವಿಕಟ್ಟೆಗೆ, ತುಳಸಿಕಟ್ಟೆಗೆ, ಎದುರಿನ ಬಾಗಿಲಿಗೆ, ಅಕ್ಕಿ ಡಬ್ಬಕ್ಕೆ, ಕಾರಿಗೆ, ಕೊನೆಗೆ ಕರೆಂಟಿನ ಮೀಟರು ಪೆಟ್ಟಿಗೆಗೂ. ಕಾಂತಿಯ ಬಾಗಿಲಿನ ಎದುರು ಬಂದಾಗ ಮಾತ್ರ ಅವನ ಕೈ ತಡೆಯಿತು.

"ಅದು ಬೇರೆ ಮನೆ ಲೆಕ್ಕ ಅಲ್ವಾ?" ಎಂದು ಅತ್ತಿಗೆ ಸಾತ್ವಿಕಾ ಜಗಲಿಯಿಂದಲೇ ಹೇಳಿದ್ದಳು. ಲತೇಶ ಉಳಿದ ತೆನೆಯನ್ನು ಹಿಡಿದುಕೊಂಡು ಒಳಗೆ ಹೋಗಿದ್ದ.

ಬೇರೆ ಮನೆ ಆದದ್ದು ಕಾರಿನಿಂದ.

ಲತೇಶನದು ಮೂಡುಬಿದಿರೆಯಲ್ಲಿ ಮೊಬೈಲ್ ಅಂಗಡಿ. ಗುರುವಾಯನಕೆರೆಯಿಂದ ದಿನವೂ ಹೋಗಿ ಬರುವುದಕ್ಕೆ ಪೆಟ್ರೋಲು ಸುಡುವುದು ಬೇಡವೆಂದು ಬೇರೊಬ್ಬರು ಓಡಿಸಿ ಮಾರಿದ ಎಲೆಕ್ಟ್ರಿಕ್ ಕಾರನ್ನು ತಂದ. ಹಿತ್ತಲಿಗೆ ತಂದು ನಿಲ್ಲಿಸಿದ ದಿನ ಮನೆಮಂದಿಯೆಲ್ಲ ಅದರಲ್ಲಿ ಕುಳಿತು ಪೇಟೆಗೆ ಒಂದು ಸುತ್ತು ಹೋಗಿ ಬಂದರು. ಕಾಂತಿಯೂ ಹೋಗಿದ್ದಳು, ಅಮ್ಮನ ಪಕ್ಕ, ಕಿಟಕಿಯ ಬದಿ. ಮುಂದಿನ ತಿಂಗಳು ಬಿಲ್ಲು ಬಂತು. ಇನ್ನೂರು ಯೂನಿಟಿನವರೆಗೆ ಪುಕ್ಕಟೆ ಎಂದು ಅಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಮನೆಗೆ ಇಡೀ ಬಿಲ್ಲು.

ವಯರಿಂಗ್ ಕೆಲಸದ ಅಸ್ಕರ್‌ನನ್ನು ಕರೆಸಿದರು.

"ನೋಡಿ ಲತೇಶಣ್ಣ," ಎಂದ ಅಸ್ಕರ್ ಚಹಾ ಕುಡಿಯುತ್ತ, "ಮನೆ ಮೀಟರಿನಿಂದಲೇ ಎಳೆದರೆ ಇನ್ನೂರು ಯೂನಿಟು ದಾಟ್ತದೆ. ಸೊನ್ನೆ ಬಿಲ್ಲನ್ನು ಮರೆತುಬಿಡಿ. ಕಾರಿಗೇ ಅಂತ ಬೇರೆ ಮೀಟರು ಹಾಕಿಸ್ಲಿಕ್ಕೆ ಉಂಟು, ಅದಕ್ಕೆ ವಾಹನದ ದರ. ಪುಕ್ಕಟೆ ಅಲ್ಲ, ಆದರೆ ಮನೆಯದ್ದು ಮನೆಗೆ ಉಳೀತದೆ."

"ಎರಡು ಮನೆ ಇದ್ದರೆ?"

"ಇದ್ದರೆ ಎರಡು ಮೀಟರು. ಹಂಚಿ ಹೋಗ್ತದೆ, ಯಾವುದೂ ಇನ್ನೂರು ದಾಟುದಿಲ್ಲ. ನಿಮ್ಮದು ಒಂದೇ ಅಲ್ವಾ?"

ಲತೇಶ ಹಿಂದಿನ ಕೋಣೆಯ ಕಡೆ ನೋಡಿದ. ಅಲ್ಲಿ ಕಾಂತಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ಎಂಟನೆಯ ತರಗತಿಗೆ ಶಾಲೆ ಬಿಟ್ಟು ಹಿಡಿದ ಗೆರಸೆ ಅದು. ಅಪ್ಪ ಹೋದರು, ನೋಡಲು ಬಂದ ಗಂಡುಗಳೂ ಹೋದರು, ಗೆರಸೆ ಉಳಿಯಿತು.

"ಎರಡು ಮಾಡಿದರೆ ಆಯ್ತಲ್ಲ ಮಾರಾಯ," ಎಂದ ಲತೇಶ.

ಅಸ್ಕರ್ ಜೋರಾಗಿ ನಕ್ಕ. "ಹೆಂಡತಿ ಮಾತು ಕೇಳಿ ಪಾಲಾದ ಮನೆ ನೋಡಿದ್ದೇನೆ. ಕಾರಿನ ಮಾತು ಕೇಳಿ ಪಾಲಾಗುದು ಇದೇ ಮೊದಲು!"

ಎಲ್ಲರೂ ನಕ್ಕರು. ಕಾಂತಿಯೂ ತಲೆ ತಗ್ಗಿಸಿ ನಕ್ಕಳು.

ಗೋಡೆ ಒಡೆದು ಹಿಂದಿನ ಕೋಣೆಗೆ ಹೊರಬಾಗಿಲು ಇಟ್ಟರು. ಬೇರೆ ಮನೆ ನಂಬರು ಬಂತು. ಒಂದು ಗ್ಯಾಸ್ ಒಲೆ, ಎರಡು ಪಾತ್ರೆ, ಒಂದು ಉಪ್ಪಿನ ಭರಣಿ ತಂದಿಟ್ಟರು. ಕರೆಂಟಿನ ಆಫೀಸಿನಿಂದ ನೋಡಲಿಕ್ಕೆ ಬರುವವರಿಗೆ ಒಲೆ ಉರಿಯುವುದು ಕಾಣಬೇಕೆಂದು ಅತ್ತಿಗೆ ಹೇಳಿದ್ದರಿಂದ ಕಾಂತಿ ಅಂದು ಬೆಳಗ್ಗೆಯೇ ತೊಗರಿಬೇಳೆ ಬೇಯಿಸಲು ಇಟ್ಟಿದ್ದಳು. ನಡುವಿನ ಬಾಗಿಲಿಗೆ ಅಡುಗೆಮನೆಯ ಕಡೆಯಿಂದ ಚಿಲಕ ಹಾಕಿದರು. ಬಂದವರು, "ಇಲ್ಲಿ ನೀವೊಬ್ಬರೇ ಇರುವುದಾ?" ಎಂದು ಕೇಳಿದರು. ಅಪರಿಚಿತರ ಎದುರು ಮಾತಾಡಿ ಕಾಂತಿಗೆ ಅಭ್ಯಾಸವಿಲ್ಲ. ಹೌದೆಂದು ತಲೆ ಆಡಿಸಿದಳು.

ಸಂಜೆ ಚಿಲಕ ತೆಗೆಯುತ್ತಾರೆ ಎಂದುಕೊಂಡಿದ್ದಳು. "ಪುನಃ ಬಂದರೂ ಬಂದಾರು, ಇವತ್ತೊಂದು ದಿನ ಅಲ್ಲೇ ಉಣ್ಣು," ಎಂದು ಸಾತ್ವಿಕಾ ಹೊರಗಿನಿಂದ ಬಟ್ಟಲು ತಂದುಕೊಟ್ಟಳು. ಮರುದಿನವೂ ಹಾಗೇ ಆಯಿತು. ಅವಳ ಹೆಸರಿಗೆ ಮೀಟರು ಬಂದು ಕಾರಿನ ವಯರು ಅದಕ್ಕೆ ಸೇರಿತು. ಇರುವುದು ಒಂದೇ ಮನೆ ಎಂದು ಯಾರೋ ದೂರು ಕೊಡುತ್ತಾರಂತೆ ಎಂಬ ಮಾತು ಎದ್ದ ಮೇಲೆ ಬಟ್ಟಲೂ ನಿಂತಿತು. "ನಿನ್ನದೇ ಒಲೆ ಉಂಟಲ್ಲ ಕಾಂತಿ, ಇಲ್ಲಿ ಮಾಡಿ ಅಲ್ಲಿಗೆ ಹೊತ್ತುಕೊಂಡು ಬರುವುದು ಯಾಕೆ?" ಎಂದಳು ಸಾತ್ವಿಕಾ. ಅಡುಗೆಮನೆಯಲ್ಲಿ ಜಾಗ ಸಾಲದೆಂದು ಫ್ರಿಜ್ಜನ್ನು ದೂಡಿ ನಡುವಿನ ಬಾಗಿಲಿಗೆ ಒತ್ತಿ ಇಟ್ಟರು. ಅಂದಿನಿಂದ ಕಾಂತಿ ಬೀಡಿ ಕಟ್ಟುತ್ತ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಫ್ರಿಜ್ಜು ತೆರೆದಾಗ ಹಲಗೆ ಸಣ್ಣಗೆ ಅದುರುತ್ತಿತ್ತು. ಅಮ್ಮ ಮಜ್ಜಿಗೆ ತೆಗೆದರು, ಅತ್ತಿಗೆ ಮೀನು ತೆಗೆದಳು ಎಂದು ಅದರಲ್ಲೇ ಗೊತ್ತಾಗುತ್ತಿತ್ತು.

ಅಮ್ಮ ಸೇಸಮ್ಮ ಮೊದಮೊದಲು ಅಂಗಳ ಸುತ್ತಿ ಬಂದು ಹತ್ತಿರ ಕೂರುತ್ತಿದ್ದರು. ಮಳೆ ಹಿಡಿದು ಮುರಕಲ್ಲಿನ ಮೆಟ್ಟಿಲು ಜಾರತೊಡಗಿತು. "ಮಂಡಿ ಕೇಳುದಿಲ್ಲ ಮಗಾ," ಎಂದು ನಿಲ್ಲಿಸಿದರು.

ಕಾಂತಿ ಫ್ಯಾನು ಹಾಕುವುದನ್ನು ಬಿಟ್ಟಳು. ಕತ್ತಲಾದರೆ ಅಂಗಳದ ದೀಪ ಕಿಟಕಿಯಿಂದ ಬಿದ್ದಷ್ಟರಲ್ಲೇ ಎಲೆ ಕತ್ತರಿಸಿದಳು. ಬಿಲ್ಲು ಸೊನ್ನೆಯಲ್ಲೇ ಉಳಿದರೆ ಅಣ್ಣನಿಗೆ ಸಮಾಧಾನವಾದೀತು, ಆಗ ಚಿಲಕ ತೆಗೆದಾರು ಎಂದು ಅವಳ ಆಸೆ. ಬಿಲ್ಲು ಸೊನ್ನೆ ಬಂದಷ್ಟೂ ಅವಳ ಕೋಣೆ ಬೇರೆ ಮನೆಯಾಗಿ ಗಟ್ಟಿಯಾಗುತ್ತಿದೆ ಎಂದು ತಿಳಿಯುವಾಗ ಮಳೆಗಾಲ ಅರ್ಧ ಕಳೆದಿತ್ತು.

ಒಂದು ದಿನ ಬೀಡಿ ಕೊಟ್ಟು ಬರುವ ನೆಪದಲ್ಲಿ ಕರೆಂಟಿನ ಆಫೀಸಿಗೆ ಹೋದಳು. ಬೆಂಚಿನ ಮೇಲೆ ಕುಳಿತು, ಬಂದವರು ಹೇಗೆ ಕೇಳುತ್ತಾರೆ, ಎಲ್ಲಿ ನಿಂತು ಕೇಳುತ್ತಾರೆ ಎಂದು ನೋಡುತ್ತ ಮಧ್ಯಾಹ್ನ ಮಾಡಿದಳು. ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಹೋಗಿ ಕೇಳಿದಳು. ಕಾರಿಗೆ ಬೇರೆ ಮೀಟರು ಈಗಲೂ ಸಿಗುತ್ತದೆ, ವಾಹನದ ದರಕ್ಕೆ ಹಾಕಿಸಬಹುದು ಎಂದು ಅಲ್ಲಿದ್ದ ಹೆಂಗಸು ನಿಧಾನವಾಗಿ ವಿವರಿಸಿದಳು.

ಸಂಜೆ ಲತೇಶ ಕಾರು ನಿಲ್ಲಿಸುವಾಗ ಕಾಂತಿ ವಯರು ಹಿಡಿದು ಕಾಯುತ್ತಿದ್ದಳು.

"ಅಣ್ಣ, ಕಾರಿಗೆ ಅದರದ್ದೇ ಮೀಟರು ಹಾಕಿಸುವ. ಕಟ್ಟುವ ಹಣ ನನ್ನ ಬೀಡಿದ್ದು ಉಂಟು. ತಿಂಗಳ ಬಿಲ್ಲೂ ನಾನೇ ಕಟ್ತೇನೆ."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಕೇಳಿ ಲತೇಶನಿಗೆ ನಗು ಬಂತು. "ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ತೆಗೊಳ್ಳುದಾ? ತಲೆ ಸರಿ ಉಂಟಾ ನಿನಗೆ?"

"ನನಗೆ ಒಳಗೆ ಇರಬೇಕು ಅಣ್ಣ."

"ಹೊರಗೆ ಎಲ್ಲಿ ಇದ್ದಿ? ಒಂದು ಗೋಡೆ ಆಚೆ." ಅವನು ಬ್ಯಾಗು ಹೆಗಲಿಗೇರಿಸಿದ. "ನಿನ್ನದೇ ಬಾಗಿಲು, ನಿನ್ನದೇ ಹೆಸರಿನ ಮೀಟರು. ಈ ಊರಿನಲ್ಲಿ ಎಷ್ಟು ಹೆಂಗಸರಿಗೆ ಉಂಟು ಹೇಳು?"

ಕಾಂತಿ ಕಾರಿನ ಮೂತಿಯ ಮುಚ್ಚಳ ತೆಗೆದಳು. ಕಾರಿಗೆ ವಯರು ಚುಚ್ಚಿದಳು. ಹಸಿರು ದೀಪ ಹತ್ತಿತು.

ಇವತ್ತು ಹೊಸ ಅಕ್ಕಿಯ ಊಟ. ಎಲ್ಲಿದ್ದರೂ ಮನೆಯವರೆಲ್ಲ ಬಂದು ಒಟ್ಟಿಗೆ ಕೂರುವ ದಿನ. ಕಿರಿಯರು ಹಿರಿಯರನ್ನು ನೋಡಿ "ಹೊಸತು ಉಣ್ತೇನೆ" ಎಂದು ಹೇಳಬೇಕು, ಅವರು "ಉಣ್ಣು" ಎನ್ನಬೇಕು, ಆಮೇಲೆಯೇ ತುತ್ತು ಬಾಯಿಗೆ. ಹೋದ ವರ್ಷ ಅಮ್ಮ "ಉಣ್ಣು ಮಗಾ" ಎಂದು ತಲೆ ಸವರಿದ್ದರು.

ಬೆಳಗ್ಗಿನಿಂದ ಯಾರಾದರೂ ಕರೆಯುತ್ತಾರೆಂದು ಕಾಂತಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಗೆರಸೆ ಮುಟ್ಟಲಿಲ್ಲ. ಫ್ರಿಜ್ಜು ಮತ್ತೆ ಮತ್ತೆ ತೆರೆಯಿತು. ತೆಂಗಿನಹಾಲಿನ ಪಾಯಸದ ಪರಿಮಳ ಹಲಗೆಯ ಸಂದಿನಲ್ಲಿ ಬಂತು. ಅತ್ತಿಗೆಯ ಮಾತೂ ಬಂತು: "ಒಲೆ ಬೇರೆ ಆದ ಮೇಲೆ ಹೊಸತೂ ಬೇರೆ ಅಲ್ವಾ ಅತ್ತೆ? ಒಟ್ಟಿಗೆ ಉಂಡದ್ದು ಗೊತ್ತಾದರೆ ನಾಳೆ ಮೀಟರು ಕಿತ್ತುಕೊಂಡು ಹೋಗ್ತಾರೆ." ಅಮ್ಮ ಏನೆಂದರೋ ಕೇಳಿಸಲಿಲ್ಲ. ಬಾಳೆಲೆ ಹಾಸುವ ಸದ್ದಾಯಿತು.

ಕಾಂತಿ ಎದ್ದಳು. ಹಿತ್ತಲಿಗೆ ಹೋಗಿ ತನಗೊಂದು ಬಾಳೆಲೆ ಕೊಯ್ದುಕೊಂಡಳು. ಕಾಲು ತೊಳೆದು, ಅಂಗಳ ಸುತ್ತಿ, ತೆನೆ ಕಟ್ಟಿದ ಎದುರಿನ ಬಾಗಿಲಿನಿಂದ ಒಳಗೆ ಬಂದಳು. ಆ ಹೊಸಿಲು ದಾಟಿ ಬಹಳ ದಿನವಾಗಿತ್ತು. ಅಡುಗೆಮನೆಯಲ್ಲಿ ಎಲ್ಲರೂ ಕುಳಿತಿದ್ದರು. ಅಣ್ಣನ ಕೈ ಎಲೆಯ ಮೇಲೆ ನಿಂತಿತು. ಸಾತ್ವಿಕಾ ಸೌಟು ಹಿಡಿದು ಪಾತ್ರೆಯೊಳಗೆ ನೋಡತೊಡಗಿದಳು. ಅಮ್ಮನ ಪಕ್ಕದಲ್ಲಿ ಒಬ್ಬರಿಗೆ ಸಾಕಾಗುವಷ್ಟು ಜಾಗ ಇತ್ತು.

ಕಾಂತಿ ತಾನು ತಂದ ಎಲೆಯನ್ನು ಅಲ್ಲಿ ಹಾಸಿದಳು. ಕೂರಲಿಲ್ಲ.

"ಅಮ್ಮ, ಹೊಸತು ಉಣ್ತೇನೆ."

ಸೇಸಮ್ಮ ಮಗನ ಮುಖ ನೋಡಿದರು. ಮಗ ಹೆಂಡತಿಯ ಮುಖ ನೋಡಿದ. ಬಾಗಿಲಿಗೆ ಒತ್ತಿ ನಿಂತ ಫ್ರಿಜ್ಜು ಗುಂಯ್ಗುಡುತ್ತಿತ್ತು.

"ಅಮ್ಮ," ಎಂದಳು ಕಾಂತಿ, "ಉಣ್ಣು ಅಂತ ಹೇಳಿ."